ನೈಟ್ರೋಜನ್ ಮತ್ತು ಗ್ಲೂಕೋಸ್‌ನಲ್ಲೇ ಎಲ್‌ಎಫ್‌ಪಿ ತಯಾರಿಸಿದ ನನ್ನ ಅನುಭವ

ಹೈಡ್ರೋಜನ್ ಬೆರೆಸಿದ ಆರ್ಗಾನ್ ಇಲ್ಲದೆ ಬ್ಯಾಟರಿಯ ಧನ ವಿದ್ಯುದ್ವಾರಕ್ಕೆ ಬಳಸುವ ಒಳ್ಳೆಯ ಲಿಥಿಯಂ ಐರನ್ ಫಾಸ್ಫೇಟ್ (ಎಲ್‌ಎಫ್‌ಪಿ) ಕೈಗೆ ಬರುವುದಿಲ್ಲ ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಸಾಧಾರಣ ನೈಟ್ರೋಜನ್ ಸಿಲಿಂಡರ್, ಫೆರಿಕ್ ಫಾಸ್ಫೇಟ್, ಲಿಥಿಯಂ ಕಾರ್ಬೊನೇಟ್ ಮತ್ತು ಸುಟ್ಟಾಗ ಇಂಗಾಲ ಕೊಡುವ ಗ್ಲೂಕೋಸ್ ಇಷ್ಟರಿಂದಲೇ ನನ್ನ ಪುಡಿಯ ವಿದ್ಯುತ್ ಸಂಗ್ರಹ ಸಾಮರ್ಥ್ಯ ಗ್ರಾಂಗೆ 150 ಮಿಲಿಆಂಪಿಯರ್ ಅವರ್ ದಾಟಿದ ಮೇಲೆ, ಅವರಲ್ಲೇ ಇಬ್ಬರು ನನ್ನ ಪುಡಿಯನ್ನು ಕೇಳಿ ಪಡೆದುಕೊಂಡು ಹೋದರು.

ಮೊದಲ ಮೂರು ತಿಂಗಳನ್ನು ತಕ್ಕಡಿಯ ಮುಂದೆಯೇ ಕಳೆದುಕೊಂಡೆ. ಫೆರಿಕ್ ಫಾಸ್ಫೇಟಿನ ಚೀಲದ ಮೇಲೆ ನೀರಿನ ಅಂಶದ ಉಲ್ಲೇಖವಿರಲಿಲ್ಲವಾದ್ದರಿಂದ ಅದನ್ನು ನಿರ್ಜಲವೆಂದೇ ಭಾವಿಸಿ ತೂಗಿದೆ. ಅದು ಡೈಹೈಡ್ರೇಟ್ ಆಗಿತ್ತು. ತೂಕದಲ್ಲಿ ಸುಮಾರು 19% ನೀರೇ ಇದ್ದು, ಲಿಥಿಯಂ ಹೆಚ್ಚುಕಡಿಮೆ ಕಾಲು ಭಾಗದಷ್ಟು ಜಾಸ್ತಿಯಾಗಿತ್ತು. ಉಳಿದ ಕಾರ್ಬೊನೇಟಿನ ಕ್ಷಾರಗುಣದಿಂದ ಪಿವಿಡಿಎಫ್ ಎಂಬ ಬೈಂಡರ್ (ಪುಡಿಯನ್ನು ಹಿಡಿದಿಡುವ ಅಂಟು) ಬೆರೆಸಿದ ಸ್ಲರಿ, ಅಂದರೆ ಹಾಳೆಗೆ ಲೇಪಿಸುವ ದ್ರವ ಮಿಶ್ರಣ, ಅರ್ಧ ಗಂಟೆಯಲ್ಲಿ ಜೆಲ್ಲಿಯಂತೆ ಗಟ್ಟಿಯಾಗುತ್ತಿತ್ತು. ನಾನು ಬೈಂಡರನ್ನು ಶಂಕಿಸಿ ಹೊಸದನ್ನು ತರಿಸಿದೆ, ಅದನ್ನು ಕರಗಿಸುವ ದ್ರಾವಕ ಎನ್‌ಎಂಪಿಯನ್ನೂ ಬದಲಿಸಿದೆ; ಆ ಹಣವೆಲ್ಲ ವ್ಯರ್ಥ. ಈಗ ಪ್ರತಿ ಹೊಸ ಚೀಲದಿಂದಲೂ ಒಂದಿಷ್ಟು ತೆಗೆದು, 500 ಡಿಗ್ರಿಯಲ್ಲಿ ತೂಕ ಸ್ಥಿರವಾಗುವವರೆಗೆ ಕಾಯಿಸಿ, ಆಮೇಲೆ ಲೆಕ್ಕ ಹಾಕುತ್ತೇನೆ. ಲಿಥಿಯಂ 2ರಿಂದ 3% ಹೆಚ್ಚಿದ್ದರೆ ಸಾಕು.

ಎರಡನೆಯ ಪೆಟ್ಟು ಒಣಗಿಸುವಾಗ ಬಿತ್ತು. ಗ್ಲೂಕೋಸ್ ಚೆನ್ನಾಗಿ ಕರಗಲೆಂದು ಬಾಲ್ ಮಿಲ್‌ನಲ್ಲಿ (ಗುಂಡುಗಳಿಂದ ಅರೆಯುವ ಯಂತ್ರ) ನೀರನ್ನೇ ಬಳಸಿದ್ದೆ. ತಟ್ಟೆಯಲ್ಲಿ ಹರಡಿ ಒಣಗಿಸಿದಾಗ ನೀರಿನ ಜೊತೆ ಗ್ಲೂಕೋಸ್ ಮೇಲಕ್ಕೆ ಬಂದು ಹೊಳೆಯುವ ಹೊಪ್ಪಳೆ ಕಟ್ಟಿತು, ಕೆಳಗಿನ ಪದರಕ್ಕೆ ಇಂಗಾಲವೇ ಸಿಗಲಿಲ್ಲ. ಒಂದೇ ಬ್ಯಾಚಿನ ಒಂದು ಸೆಲ್ ಗ್ರಾಂಗೆ 120 ಮಿಲಿಆಂಪಿಯರ್ ಅವರ್ ಕೊಟ್ಟರೆ ಇನ್ನೊಂದು 70ಕ್ಕೇ ನಿಲ್ಲುತ್ತಿದ್ದುದಕ್ಕೆ ಇದೇ ಕಾರಣವೆಂದು ತಿಳಿಯಲು ನನಗೆ ಎಂಟು ಬ್ಯಾಚುಗಳು ಬೇಕಾದವು. ಮಿಶ್ರಣವು ಹಿಟ್ಟಿನ ಮುದ್ದೆಯಂತಾಗುವವರೆಗೆ ಬಿಸಿಯಲ್ಲೇ ತಿರುವುತ್ತಿದ್ದರೆ ಈ ತೊಂದರೆ ಇಲ್ಲ. ಗ್ಲೂಕೋಸಿನ ಪ್ರಮಾಣವನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಕೊನೆಗೆ ಉಳಿಯುವ ಇಂಗಾಲ 3%ರ ಆಸುಪಾಸಿನಲ್ಲಿರುತ್ತದೆ ಎಂದಷ್ಟೇ ಹೇಳಬಲ್ಲೆ.

ಸುಡುವ ಕ್ರಮ ಎಲ್ಲರಿಗೂ ತಿಳಿದದ್ದೇ: 350 ಡಿಗ್ರಿಯಲ್ಲಿ ನಾಲ್ಕೈದು ಗಂಟೆ, ಮತ್ತೆ ಅರೆದು 680ರಲ್ಲಿ ಹತ್ತು ಗಂಟೆ. ನನ್ನ ಹಳೆಯ ಟ್ಯೂಬ್ ಫರ್ನೇಸಿನ ಸೀಲುಗಳು ಸೋರುತ್ತಿದ್ದುದರಿಂದ ಮೂಸೆಯ ಬಾಯಿಯ ಕಡೆಯ ಪುಡಿ ಕೆಂಪಗಾಗುತ್ತಿತ್ತು. ಶುದ್ಧ ಅನಿಲಕ್ಕಾಗಿ ಮಾಡಿದ ಖರ್ಚು ಕಚ್ಚಾವಸ್ತುಗಳಿಗೆ ಕೊಟ್ಟದ್ದರ ಮೂರು ಪಟ್ಟಾದರೂ ಕೆಂಪು ಹೋಗಲಿಲ್ಲ. ಅನಿಲ ಒಳಬರುವ ಕಡೆಯಲ್ಲೇ ದೋಣಿಯಾಕಾರದ ಒಂದು ಪಾತ್ರೆಯಲ್ಲಿ ಇದ್ದಿಲ ಪುಡಿಯನ್ನಿಟ್ಟ ದಿನದಿಂದ, ನುಸುಳಿದ ಆಮ್ಲಜನಕವನ್ನು ಇದ್ದಿಲೇ ನುಂಗಿಕೊಂಡು ನನ್ನ ಪುಡಿ ಕಪ್ಪಗೆ ಹೊರಬರತೊಡಗಿತು. ಒಮ್ಮೆ ಅವಸರದಿಂದ 300 ಡಿಗ್ರಿ ಇರುವಾಗಲೇ ಟ್ಯೂಬ್ ತೆರೆದು ಇಡೀ ಬ್ಯಾಚನ್ನು ಕಳೆದುಕೊಂಡಿದ್ದೇನೆ. ಈಗ 80ಕ್ಕೆ ಇಳಿಯುವ ತನಕ ನೈಟ್ರೋಜನ್ ನಿಲ್ಲಿಸುವುದಿಲ್ಲ.

ನಡುವೆ ಗ್ಲೂಕೋಸ್ ಬದಲು ಸಿಟ್ರಿಕ್ ಆಮ್ಲವನ್ನು ಪ್ರಯತ್ನಿಸಿದೆ. ಅದು ನೊರೆಯುಕ್ಕಿ ಮೂಸೆಯಿಂದ ಹೊರಚೆಲ್ಲಿ ಟ್ಯೂಬಿಗೇ ಅಂಟಿತು, ಕೆರೆದು ತೆಗೆಯಲು ಎರಡು ದಿನ ಹಿಡಿಯಿತು. ಸಕ್ಕರೆ ಪರವಾಗಿಲ್ಲ, ಆದರೆ ಗ್ಲೂಕೋಸಿನಷ್ಟು ಏಕರೂಪದ ಫಲ ಕೊಡಲಿಲ್ಲ.

ಕೊನೆಯ ಬ್ಯಾಚುಗಳ ಕಾಯಿನ್ ಸೆಲ್‌ಗಳು (ನಾಣ್ಯದಾಕಾರದ ಪರೀಕ್ಷಾ ಬ್ಯಾಟರಿಗಳು) 3.4 ವೋಲ್ಟಿನಲ್ಲಿ ಗೆರೆ ಎಳೆದಂತೆ ಸಮತಟ್ಟಾಗಿ ನಿಂತು, ಹತ್ತು ಗಂಟೆಯ ದರದಲ್ಲಿ (ಹತ್ತು ಗಂಟೆಯಲ್ಲಿ ಖಾಲಿಯಾಗುವಂತೆ) ಗ್ರಾಂಗೆ 152–154 ಮಿಲಿಆಂಪಿಯರ್ ಅವರ್, ಒಂದು ಗಂಟೆಯ ದರದಲ್ಲಿ 135ರಷ್ಟು ಕೊಟ್ಟವೆಂದು ನೆನಪು. ಸೈದ್ಧಾಂತಿಕ ಮಿತಿ 170; ನಾನು ಇಂಗಾಲದ ತೂಕವನ್ನು ಕಳೆಯದೆಯೇ ಈ ಲೆಕ್ಕ ಹೇಳುತ್ತಿದ್ದೇನೆ ಎಂಬುದನ್ನು ಸಂಶಯಪಟ್ಟವರು ಗಮನಿಸಬೇಕು. ಲೇಪನ ತೆಳ್ಳಗಿತ್ತು ಎಂಬುದೂ ನಿಜ. ದಪ್ಪ ಲೇಪನ ಒಣಗುವಾಗ ಅಲ್ಯೂಮಿನಿಯಂ ಹಾಳೆಯಿಂದ ಇನ್ನೂ ಕಿತ್ತು ಬರುತ್ತಿದೆ, ಈ ವಾರವೆಲ್ಲ ಅದರ ಹಿಂದೆಯೇ ಬಿದ್ದಿದ್ದೇನೆ.