ಮಗುವಿನ ವೃಷಣ ಇಳಿದಿದೆಯೇ? ನೋಡುವ ಕ್ರಮ

ಡಯಾಪರ್ ಬದಲಿಸುವಾಗ ತಣ್ಣನೆಯ ಕೈಯಲ್ಲಿ ವೃಷಣಚೀಲವನ್ನು ಒಮ್ಮೆ ತಡವಿ ‘ಒಂದೇ ವೃಷಣ ಇದೆ’ ಎಂದು ಗಾಬರಿಬೀಳುವವರಿದ್ದಾರೆ. ‘ಬೆಳೆದಂತೆ ತಾನೇ ಇಳಿಯುತ್ತದೆ’ ಎಂದು ಮಗು ಶಾಲೆಗೆ ಹೋಗುವವರೆಗೂ ಸುಮ್ಮನಿರುವವರೂ ಇದ್ದಾರೆ. ಎರಡನೆಯವರದೇ ದೊಡ್ಡ ತಪ್ಪು.

ಮೊದಲಿಗೆ, ಬಿಸಿನೀರಿನ ಸ್ನಾನವಾದ ಕೂಡಲೇ ನೋಡಿ.

ಎರಡನೆಯದಾಗಿ, ಕೈ ಬೆಚ್ಚಗೆ ಮಾಡಿಕೊಳ್ಳಿ. ಇದನ್ನು ಬಿಟ್ಟರೆ ಮುಂದಿನದೆಲ್ಲ ವ್ಯರ್ಥ. ಚಳಿ ತಗುಲಿದರೆ, ಮಗು ಅತ್ತರೆ, ಒಳತೊಡೆ ಸವರಿದರೂ ಸಾಕು, ಕ್ರಿಮಾಸ್ಟರ್ ಸ್ನಾಯು ವೃಷಣವನ್ನು ಮೇಲಕ್ಕೆ ಸೆಳೆದುಕೊಳ್ಳುತ್ತದೆ. ಮಗುವನ್ನು ಅಂಗಾತ ಮಲಗಿಸಿ, ಮೊಣಕಾಲು ಮಡಿಸಿ ತೊಡೆಗಳನ್ನು ಅಗಲಿಸಿ. ಮುಟ್ಟುವ ಮೊದಲು ಕಣ್ಣಿನಿಂದ ನೋಡಿ: ಚೀಲದ ಒಂದು ಬದಿ ಚಪ್ಪಟೆಯಾಗಿ, ಸುಕ್ಕಿಲ್ಲದೆ ಇದೆಯೇ? ಆಮೇಲೆ ಒಂದು ಕೈಯ ಬೆರಳುಗಳನ್ನು ಸೊಂಟದ ಮೂಳೆಯ ಕಡೆಯಿಂದ ತೊಡೆಸಂದಿನ ಗುಂಟ ಕೆಳಕ್ಕೆ ಮೆಲ್ಲನೆ ಸವರುತ್ತ ಬನ್ನಿ, ಇನ್ನೊಂದು ಕೈ ಚೀಲದ ಬಳಿ ಕಾಯುತ್ತಿರಲಿ. ಕೆಳಗಿಳಿದ ವೃಷಣ ಬಿಟ್ಟ ಮೇಲೂ ತುಸುಹೊತ್ತು ಅಲ್ಲೇ ನಿಂತರೆ ಅದು ಬರೀ ಎಳೆದುಕೊಳ್ಳುವ ವೃಷಣ. ವರ್ಷಕ್ಕೊಮ್ಮೆ ವೈದ್ಯರಿಗೆ ತೋರಿಸಿದರಾಯಿತು. ಬಿಟ್ಟಕೂಡಲೇ ಮೇಲೆ ಚಿಮ್ಮಿದರೆ, ಅಥವಾ ಸಿಗದೇ ಇದ್ದರೆ, ಒತ್ತಿ ಹುಡುಕಬೇಡಿ, ಎಣ್ಣೆ ಹಚ್ಚಿ ತಿಕ್ಕಿ ಇಳಿಸಲು ಹೋಗಬೇಡಿ. ವೈದ್ಯರ ಬಳಿ ಹೋಗಿ. ಸ್ಕ್ಯಾನಿಂಗ್‌ಗಿಂತ ಅನುಭವಿ ಕೈಯನ್ನೇ ನಾನು ನಂಬುವುದು. ತೊಡೆಸಂದಿನಲ್ಲಿ ಗಟ್ಟಿ ಗಂಟು, ನೋವು, ವಾಂತಿ ಕಂಡರೆ ಮಾತ್ರ ಕಾಯುವಂತಿಲ್ಲ, ಆ ಕ್ಷಣವೇ ಆಸ್ಪತ್ರೆ.

ಮೂರನೆಯದಾಗಿ, ಗಡುವು. ಆರು ತಿಂಗಳಾದರೂ ಇಳಿಯದಿದ್ದರೆ ಶಸ್ತ್ರಚಿಕಿತ್ಸಕರನ್ನು ಕಾಣಿ; ಅವಧಿಗೆ ಮೊದಲೇ ಹುಟ್ಟಿದ ಮಗುವಿಗೆ ಹೆರಿಗೆಯ ನಿಗದಿತ ದಿನದಿಂದ ಎಣಿಸಿ. ಶಸ್ತ್ರಚಿಕಿತ್ಸೆ 18 ತಿಂಗಳೊಳಗೆ ಮುಗಿದರೆ ಒಳ್ಳೆಯದು. ತಡವಾದಷ್ಟೂ ಮುಂದೆ ವೀರ್ಯೋತ್ಪತ್ತಿಗೆ ಪೆಟ್ಟು, ವೃಷಣದ ಕ್ಯಾನ್ಸರ್‌ನ ಅಪಾಯವೂ ಹೆಚ್ಚು.

ಹಾರ್ಮೋನು ಕೆಡಿಸುವ ರಾಸಾಯನಿಕಗಳಿಂದ ವೃಷಣ ಇಳಿಯದಿರಬಹುದು ಎಂಬ ಮಾತು ಬಂದಾಗ ಜನ ಮಗುವಿನ ಹಾಲಿನ ಬಾಟಲಿ ಬದಲಿಸಲು ಓಡುತ್ತಾರೆ. ಇಳಿಯದ ವೃಷಣ ಅದರಿಂದ ಇಳಿಯುವುದಿಲ್ಲ. ಗಂಡು ಭ್ರೂಣದ ಹಾರ್ಮೋನುಗಳು ಮುಖ್ಯ ಕೆಲಸ ಮಾಡುವುದು ಗರ್ಭದ ಸುಮಾರು 8ರಿಂದ 14ನೇ ವಾರದಲ್ಲಿ. ಗರ್ಭದ ಇದಕ್ಕೆ ಸಮನಾದ ಹಂತದಲ್ಲಿ ಥ್ಯಾಲೇಟ್ (ಪ್ಲಾಸ್ಟಿಕ್ ಮೆದುಗೊಳಿಸುವ ರಾಸಾಯನಿಕ) ಉಣಿಸಿದ ತಾಯಿ ಇಲಿಗಳ ಗಂಡುಮರಿಗಳಲ್ಲಿ ವೃಷಣ ಇಳಿಯದಿರುವುದು ಕಂಡಿದೆ. ಮನುಷ್ಯರಲ್ಲಿ ಫಲಿತಾಂಶಗಳು ಒಂದಕ್ಕೊಂದು ಹೊಂದುತ್ತಿಲ್ಲ. 2004ರ ಅಧ್ಯಯನವೊಂದರಲ್ಲಿ ಹುಟ್ಟಿದಾಗ ಈ ತೊಂದರೆ ಡೆನ್ಮಾರ್ಕಿನ ಶಿಶುಗಳಲ್ಲಿ ಶೇ 9, ಫಿನ್ಲೆಂಡಿನಲ್ಲಿ ಶೇ 2.4 ಇತ್ತು, ಪರಿಸರದ ಮೇಲಿನ ಅನುಮಾನಕ್ಕೆ ಇದೂ ಒಂದು ಕಾರಣ. ಹಾಗೆಂದು ತಾಯಿಯನ್ನು ದೂರುವುದು ಅನ್ಯಾಯ.

ಗರ್ಭ ಧರಿಸುವ ಯೋಚನೆಯಿದ್ದಾಗಲೇ ಧೂಮಪಾನ ನಿಲ್ಲಿಸಿ, ಕೀಟನಾಶಕ ಸಿಂಪಡಣೆಯಿಂದ ದೂರವಿರಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಊಟ ಬಿಸಿ ಮಾಡಬೇಡಿ. ‘ಬಿಪಿಎ (ಹಾರ್ಮೋನಿನಂತೆ ವರ್ತಿಸುವ ಪ್ಲಾಸ್ಟಿಕ್ ರಾಸಾಯನಿಕ) ಇಲ್ಲ’ ಎಂಬ ಚೀಟಿಗೆ ಹೆಚ್ಚು ದುಡ್ಡು ಸುರಿಯಬೇಡಿ: ಅದರ ಜಾಗದಲ್ಲಿ ಅದರದೇ ಸೋದರ ಬಿಪಿಎಸ್ ಇರಬಹುದು. ಗಾಜು, ಸ್ಟೀಲ್ ಸಾಕು.