ಮೀನಿನ ಲೈಸೆನ್ಸ್ ಇದ್ದರೆ ಸಾಲದು: ಅಮೆರಿಕದ ಫೆಡರಲ್ ಸರೋವರಗಳಲ್ಲಿ ಬಂದೂಕಿನ ಕಾನೂನು

ಡಲ್ಲಾಸ್ ಸುತ್ತಲಿನ ಲೂಯಿಸ್‌ವಿಲ್, ಗ್ರೇಪ್‌ವೈನ್, ಲವಾನ್. ರಾಲಿ-ಕ್ಯಾರಿ ಕಡೆಯವರಿಗೆ ಜೋರ್ಡನ್ ಮತ್ತು ಫಾಲ್ಸ್. ಅಟ್ಲಾಂಟದವರಿಗೆ ಲೇನಿಯರ್, ಅಲಟೂನ. ವಾರಾಂತ್ಯಕ್ಕೆ ನಮ್ಮವರು ಗಾಳ ಹಿಡಿದು ಹೊರಡುವ ಈ ಸರೋವರಗಳೆಲ್ಲ ಸೇನೆಯ ಎಂಜಿನಿಯರಿಂಗ್ ವಿಭಾಗವಾದ ಆರ್ಮಿ ಕೋರ್ ಆಫ್ ಎಂಜಿನಿಯರ್ಸ್ ಅಣೆಕಟ್ಟು ಕಟ್ಟಿ ನಿಲ್ಲಿಸಿದ ನೀರು. ಇಂಥವು ದೇಶದಲ್ಲಿ 400ಕ್ಕೂ ಹೆಚ್ಚಿವೆ. ನೀರಷ್ಟೇ ಅಲ್ಲ, ದಂಡೆಯ ಪಟ್ಟಿ, ಬೋಟ್ ಇಳಿಸುವ ರ‍್ಯಾಂಪ್, ಪಾರ್ಕಿಂಗ್, ಕ್ಯಾಂಪಿನ ಜಾಗವೂ ಸಾಮಾನ್ಯವಾಗಿ ಕೋರ್‌ನ ಹಿಡಿತದಲ್ಲೇ ಇರುತ್ತದೆ. ಲೈಫ್ ಜಾಕೆಟ್, ಬೋಟ್ ನೋಂದಣಿ, ಮೀನಿನ ಲೈಸೆನ್ಸ್ ವಿಷಯ ಎಲ್ಲರಿಗೂ ಗೊತ್ತು, ಅದನ್ನು ಬಿಡೋಣ. ಜನ ಮತ್ತೆ ಮತ್ತೆ ಎಡವುವುದು ಬಂದೂಕಿನ ವಿಷಯದಲ್ಲಿ.

ಎಡವುವ ಬಗೆ ಹೀಗೆ. ಟೆಕ್ಸಸ್ 2021ರಲ್ಲಿ, ಜಾರ್ಜಿಯಾ 2022ರಲ್ಲಿ ಪರವಾನಗಿ ಇಲ್ಲದೆಯೇ ಪಿಸ್ತೂಲು ಇಟ್ಟುಕೊಂಡು ಓಡಾಡಲು ಅವಕಾಶ ಕೊಟ್ಟವು. ಅದನ್ನು ಓದಿದವರು ರಾಜ್ಯದೊಳಗೆ ಎಲ್ಲೆಡೆ ಹಾಗೇ ಎಂದುಕೊಳ್ಳುತ್ತಾರೆ. ಕೋರ್ ಜಾಗದಲ್ಲಿ ನಡೆಯುವುದು ಫೆಡರಲ್ ನಿಯಮಾವಳಿ, ಶೀರ್ಷಿಕೆ 36ರ 327.13. ಅದು ನಿಷೇಧಿಸುವುದು ತುಂಬಿದ ಬಂದೂಕನ್ನು, ಜೊತೆಗೆ ತೋಟೆಗಳನ್ನು, ಬಿಲ್ಲು-ಬಾಣವನ್ನು, ಕ್ರಾಸ್‌ಬೋವನ್ನು. ಇಲ್ಲಿ ‘ತೋಟೆ’ ಎಂಬುದು ಪ್ರತ್ಯೇಕವಾಗಿಯೇ ಪಟ್ಟಿಯಲ್ಲಿದೆ. ಪಿಸ್ತೂಲು ಖಾಲಿ ಮಾಡಿ ಕಾರಿನಲ್ಲಿಟ್ಟು, ಗುಂಡುಗಳನ್ನು ಗಾಳದ ಪೆಟ್ಟಿಗೆಗೆ ಹಾಕಿದರೆ ಬಚಾವಾಗುವುದಿಲ್ಲ. ಕಳೆದ ಸೀಸನ್ನಿನ ಬೇಟೆಯ ಜಾಕೆಟ್ಟಿನ ಜೇಬಲ್ಲಿ, ಪಿಕಪ್ಪಿನ ಸೀಟಿನಡಿ ಉಳಿದ ಎರಡು ಶಾಟ್‌ಗನ್ ತೋಟೆಯೂ ಅದೇ ಲೆಕ್ಕ. ಹೊರಡುವ ಮುನ್ನ ಇವನ್ನೆಲ್ಲ ಒಮ್ಮೆ ಕೊಡವಿ ನೋಡಿ.

ವಿನಾಯಿತಿಗಳು ನಾಲ್ಕೇ: ಪೊಲೀಸರು, ಅನುಮತಿ ಪಡೆದ ಶೂಟಿಂಗ್ ರೇಂಜ್, ಕೋರ್‌ನ ಡಿಸ್ಟ್ರಿಕ್ಟ್ ಕಮಾಂಡರರ ಲಿಖಿತ ಅನುಮತಿ, ಮತ್ತು ಕಾನೂನುಬದ್ಧ ಬೇಟೆ ಅಥವಾ ಮೀನುಗಾರಿಕೆಗೆ ನಿಜವಾಗಿ ಬಳಸುತ್ತಿರುವ ಸಾಧನ. ಈ ಕೊನೆಯದನ್ನೇ ಜನ ತಪ್ಪಾಗಿ ಓದುವುದು. ಬಿಲ್ಲಿನಿಂದ ಮೀನು ಹೊಡೆಯುವವರ ಬಿಲ್ಲು ಅದರಲ್ಲಿ ಬರುತ್ತದೆ. ‘ಹಾವು ಬಂದರೆ ಇರಲಿ’ ಎಂದು ಸೊಂಟಕ್ಕೆ ಸಿಕ್ಕಿಸಿಕೊಂಡ ಪಿಸ್ತೂಲು ಬರುವುದಿಲ್ಲ, ಅದರಿಂದ ಮೀನು ಹಿಡಿಯುವುದಿಲ್ಲವಲ್ಲ. ಬಾತುಕೋಳಿ ಬೇಟೆಗೆ ಹೋಗುವವರೂ ಒಂದು ಜಾಗದಿಂದ ಇನ್ನೊಂದಕ್ಕೆ ಬೋಟ್ ಓಡಿಸುವಾಗ ಕೋವಿ ಖಾಲಿ ಮಾಡಲೇಬೇಕು. ಶಿಕ್ಷೆ 5,000 ಡಾಲರ್ ದಂಡ, ಆರು ತಿಂಗಳ ಸೆರೆ, ಅಥವಾ ಎರಡೂ ಆಗಬಹುದು.

ಗೊಂದಲ ಹೆಚ್ಚಿಸುವ ಸಂಗತಿ ಒಂದಿದೆ. ನ್ಯಾಷನಲ್ ಪಾರ್ಕ್ ಸರ್ವಿಸ್‌ನ ಜಾಗಗಳಲ್ಲಿ, ಅಂದರೆ ಲೇಕ್ ಮೀಡ್, ಲೇಕ್ ಪವೆಲ್‌ನಂಥಲ್ಲಿ, 2010ರ ಫೆಬ್ರವರಿಯಿಂದ ಬಂದೂಕು ಇಟ್ಟುಕೊಳ್ಳುವುದಕ್ಕೆ ರಾಜ್ಯದ ಕಾನೂನೇ ಅನ್ವಯ, ಕಟ್ಟಡಗಳ ಒಳಗೆ ಮಾತ್ರ ನಿಷೇಧ. ಆ ತಿದ್ದುಪಡಿ ಕೋರ್ ಸರೋವರಗಳನ್ನು ಒಳಗೊಳ್ಳಲಿಲ್ಲ. ಲೇಕ್ ಮೀಡ್‌ನಲ್ಲಿ ಸರಿಯಾಗಿದ್ದದ್ದು ಲೇಕ್ ಲೂಯಿಸ್‌ವಿಲ್‌ನಲ್ಲಿ ಅಪರಾಧ. ಅಲಟೂನದ ಬಗ್ಗೆ ಹಾಕಿದ ದಾವೆಯಲ್ಲಿ ನಿಯಮಕ್ಕೆ ತಡೆಯಾಜ್ಞೆ ಸಿಗಲಿಲ್ಲ, ಇಡಾಹೋದ ಕೋರ್ಟೊಂದು 2014ರಲ್ಲಿ ನಿಯಮದ ವಿರುದ್ಧ ತೀರ್ಪಿತ್ತಿತು, 2020ರಲ್ಲಿ ಕೋರ್ ತಾನೇ ಸಡಿಲಿಕೆಯ ಪ್ರಸ್ತಾವ ಹೊರಡಿಸಿತು. ನಿಯಮ ಬದಲಾಯಿತಂತೆ ಎಂಬ ವಾಟ್ಸ್ಆ್ಯಪ್ ಮಾತನ್ನು ನಂಬಿ ಹೊರಡಬೇಡಿ. ಹೋಗುವ ವಾರ ಆ ಸರೋವರದ ಪ್ರಾಜೆಕ್ಟ್ ಆಫೀಸಿಗೆ ಫೋನ್ ಮಾಡಿ ಕೇಳಿ. ಪ್ರವೇಶದಲ್ಲಿ ಕೆಂಪು ಬಣ್ಣದ, ಕೋಟೆಯ ಚಿತ್ರವಿರುವ ಲಾಂಛನ ಕಂಡರೆ ಅದು ಕೋರ್ ಜಾಗ. ಫಾಲ್ಸ್, ಜೋರ್ಡನ್‌ಗಳಲ್ಲಿ ರಾಜ್ಯದ ಪಾರ್ಕ್ ಇಲಾಖೆಯ ಫಲಕ ಕಾಣುತ್ತದೆ, ಆದರೆ ಅಡಿಯ ನೆಲ ಕೋರ್‌ನದೇ. ಅಲ್ಲಿ ಇಬ್ಬರನ್ನೂ ಕೇಳಬೇಕು. ಲೇನಿಯರ್ ದಂಡೆಯಲ್ಲಿ ಮನೆ ಕೊಂಡವರ ಸ್ವಂತ ಡಾಕ್ ಕೂಡ ಕೋರ್ ಪರ್ಮಿಟ್ ಮೇಲೆ ಕೋರ್ ನೀರಿನಲ್ಲಿ ನಿಂತದ್ದು, ಮನೆಯ ಅಂಗಳವಲ್ಲ.

ಇಷ್ಟು ತಪ್ಪಿದರೆ ದಂಡದಲ್ಲಿ ಮುಗಿದರೂ ಮುಗಿಯಬಹುದು. ಮುಂದಿನದು ಹಾಗಲ್ಲ, ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ.

ಎಚ್-1ಬಿ, ಎಚ್-4, ಎಲ್-1, ಎಫ್-1, ಊರಿಂದ ಬಂದ ಅಪ್ಪ-ಅಮ್ಮನ ಬಿ-2: ಈ ಯಾವ ವೀಸಾದಲ್ಲಿದ್ದರೂ ಬಂದೂಕು ಅಥವಾ ತೋಟೆ ಹೊಂದಿರುವುದೇ ಫೆಡರಲ್ ಅಪರಾಧ. ಶೀರ್ಷಿಕೆ 18ರ 922(ಜಿ)(5) ಅದನ್ನು ಹೇಳುತ್ತದೆ. 2022ರ ತಿದ್ದುಪಡಿಯ ನಂತರ ಗರಿಷ್ಠ ಶಿಕ್ಷೆ 15 ವರ್ಷ, ಮೇಲೆ ಗಡೀಪಾರು. ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಐ-140 ಅರ್ಜಿ ಮಂಜೂರಾಗಿ ಹತ್ತು ವರ್ಷವಾಗಿದ್ದರೂ ಎಚ್-1ಬಿಯಲ್ಲಿ ಇರುವವರೆಗೆ ನೀವು ಈ ಸಾಲಿನಲ್ಲೇ. ಗ್ರೀನ್ ಕಾರ್ಡ್ ಕೈಗೆ ಬಂದ ಮೇಲೆ ಈ ನಿರ್ಬಂಧ ಇಲ್ಲ.

ಹೊಂದಿರುವುದು ಎಂದರೆ ಕೊಂಡಿರಬೇಕೆಂದೇನಿಲ್ಲ. ಸಿಟಿಜನ್ ಗೆಳೆಯನ ಬೋಟಿನಲ್ಲಿ ‘ಸ್ವಲ್ಪ ಹಿಡ್ಕೊಳೋ’ ಎಂದು ಕೊಟ್ಟದ್ದನ್ನು ಕೈಗೆ ತೆಗೆದುಕೊಳ್ಳುವುದು, ಮಾವನವರಿಗೆ ಕೋವಿ ಕೊಟ್ಟು ಫೋಟೊ ತೆಗೆದು ಫೇಸ್‌ಬುಕ್ಕಿಗೆ ಹಾಕುವುದು, ರೇಂಜಿನಲ್ಲಿ ಬಾಡಿಗೆ ಪಿಸ್ತೂಲಿನಿಂದ ನಾಲ್ಕು ಗುಂಡು ಹಾರಿಸುವುದು, ಎಲ್ಲವೂ ಸಾಕ್ಷ್ಯವಾಗಬಲ್ಲವು. ವಿದ್ಯಾರ್ಥಿ ವೀಸಾದಲ್ಲಿ ಬಂದು ಕಾಲೇಜು ತಪ್ಪಿದ ಮೇಲೂ ಉಳಿದಿದ್ದ ಒಬ್ಬನ ಪ್ರಕರಣ ಶುರುವಾದದ್ದು ರೇಂಜಿಗೆ ಹೋಗಿದ್ದರಿಂದಲೇ. 2019ರಲ್ಲಿ ಅದು ಸುಪ್ರೀಂ ಕೋರ್ಟಿಗೆ ಹೋಗಿ, ಆರೋಪಿಗೆ ತನ್ನ ವಲಸೆ ಸ್ಥಿತಿ ತಿಳಿದಿತ್ತೆಂದು ಸರ್ಕಾರ ಸಾಬೀತು ಮಾಡಬೇಕು ಎಂದಾಯಿತು. ಅದರಿಂದ ನಮಗೇನು ಲಾಭ? ತಾನು ಎಚ್-1ಬಿಯಲ್ಲಿದ್ದೇನೆಂದು ತಿಳಿಯದ ಕನ್ನಡಿಗ ಯಾರಿದ್ದಾನೆ?

ವೀಸಾದವರಿಗೆ ಇರುವ ಮುಖ್ಯ ಬಾಗಿಲು ಚಾಲ್ತಿಯಲ್ಲಿರುವ ಬೇಟೆಯ ಲೈಸೆನ್ಸ್. ಯಾವುದಾದರೂ ರಾಜ್ಯ ಕೊಟ್ಟದ್ದಾದರೆ ಸರಿ. ಮೀನಿನ ಲೈಸೆನ್ಸ್ ಲೆಕ್ಕಕ್ಕಿಲ್ಲ. ಟೆಕ್ಸಸ್‌ನಲ್ಲಿ 1971ರ ಸೆಪ್ಟೆಂಬರ್ 2 ಅಥವಾ ಆಮೇಲೆ ಹುಟ್ಟಿದವರು ಬೇಟೆಗೆ ಹಂಟರ್ ಎಜುಕೇಶನ್ ಕೋರ್ಸ್ ಮುಗಿಸಿರಬೇಕು. ಜನ ಎಡವುವುದು ತಾರೀಖಿನಲ್ಲಿ. ಅಲ್ಲಿ ಬೇಟೆ ಲೈಸೆನ್ಸ್ ಯಾವ ತಿಂಗಳಲ್ಲಿ ಕೊಂಡರೂ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಮೀನಿನದರಲ್ಲಿ ಕೊಂಡ ದಿನದಿಂದ ವರ್ಷ ನಡೆಯುವ ಬಗೆಯೂ ಇರುವುದರಿಂದ, ಎರಡೂ ಒಟ್ಟಿಗೆ ಮುಗಿಯುತ್ತವೆಂದುಕೊಂಡವನ ಮನೆಯಲ್ಲಿ ಸೆಪ್ಟೆಂಬರ್ 1ರಂದು ಇರುವ ಕೋವಿ ಅಪರಾಧದ ವಸ್ತು. ಇನ್ನೊಂದು ಮಾತು: ಬೇಟೆ ಲೈಸೆನ್ಸ್ ಇದ್ದ ಮಾತ್ರಕ್ಕೆ ಕೋರ್ ನಿಯಮ ಸಡಿಲವಾಗುವುದಿಲ್ಲ. ಒಂದು ನಿಮ್ಮ ಮೇಲಿನ ನಿರ್ಬಂಧ, ಮತ್ತೊಂದು ಜಾಗದ ಮೇಲಿನದು.

ಕೊಡಗಿನವರಿಗೆ ಇದು ಅತಿ ಎನಿಸಬಹುದು. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಕಾಯ್ದೆಯ ಲೈಸೆನ್ಸಿನಿಂದ 2029ರವರೆಗೆ ವಿನಾಯಿತಿ ಇದೆ, ಮನೆಯಲ್ಲಿ ಕೋವಿಗೆ ಪೂಜೆ ನಡೆಯುತ್ತದೆ. ಉಳಿದ ಕರ್ನಾಟಕದವರಿಗೆ ಲೈಸೆನ್ಸ್ ಪುಸ್ತಕದಲ್ಲೇ ಅದು ಎಲ್ಲಿಯವರೆಗೆ ನಡೆಯುತ್ತದೆಂದು ಬರೆದಿರುತ್ತದೆ. ಸಿಗುವುದು ಕಷ್ಟ, ಸಿಕ್ಕ ಮೇಲೆ ಗೊಂದಲ ಕಡಿಮೆ. ಆ ಒಂದು ವಿಷಯದಲ್ಲಿ ನಮ್ಮದೇ ವಾಸಿ. ಇಲ್ಲಿ ಅಂಗಡಿಯಲ್ಲಿ ಸುಲಭ, ಆಮೇಲೆ ಪ್ರತಿ ಹೆಜ್ಜೆಗೂ ನೆಲ ಯಾರದೆಂದು ನೀವೇ ಹುಡುಕಬೇಕು.

ಹಾಗೆಯೇ, ಲೇಕ್ ಕ್ಯಾಂಪಿನಲ್ಲಿ ದೀಪಾವಳಿ ಮಾಡುವವರು ಪಟಾಕಿ ಒಯ್ಯಬೇಡಿ. ಅದೇ ನಿಯಮದ ಮುಂದಿನ ಉಪವಿಧಿ ಅದನ್ನೂ ನಿಷೇಧಿಸುತ್ತದೆ, ಸುರ್‌ಸುರ್ ಬತ್ತಿಯನ್ನೂ ಮನೆಯಲ್ಲೇ ಬಿಡಿ.

ಕೋರ್ ರೇಂಜರುಗಳ ಬಳಿ ಬಂದೂಕಿರುವುದಿಲ್ಲ, ಬಂಧಿಸುವ ಅಧಿಕಾರವೂ ಇಲ್ಲ. ಅವರು ನಿಯಮ ಮುರಿದದ್ದಕ್ಕೆ ಚೀಟಿ ಬರೆಯುತ್ತಾರೆ, ಬೇಕಾದರೆ ಶೆರಿಫ್ ಅಥವಾ ಗೇಮ್ ವಾರ್ಡನ್ ಕರೆಸುತ್ತಾರೆ. ಬೋಟಿನಲ್ಲಿ ಆಯುಧವಿದ್ದರೆ ಬಾಯಲ್ಲಿ ಹೇಳಿ, ತೋರಿಸಲು ಕೈ ಹಾಕಬೇಡಿ. ಚೀಟಿಯಲ್ಲಿ ‘ಎ’ ಚೌಕಕ್ಕೆ ಗುರುತು ಹಾಕಿದ್ದರೆ ಫೆಡರಲ್ ಮ್ಯಾಜಿಸ್ಟ್ರೇಟ್ ಮುಂದೆ ಹಾಜರಾಗಲೇಬೇಕು. ‘ಬಿ’ ಆಗಿದ್ದರೆ ದುಡ್ಡು ಕಟ್ಟಿ ಮುಗಿಸಬಹುದು ಅಥವಾ ಹಾಜರಾಗಬಹುದು. ಟ್ರಾಫಿಕ್ ಚಲನ್ ಎಂದು ಅಂದೇ ರಾತ್ರಿ ಆನ್‌ಲೈನಿನಲ್ಲಿ ಕಟ್ಟಿಬಿಡಬೇಡಿ. ಗ್ರೀನ್ ಕಾರ್ಡಿನ ಐ-485, ಪೌರತ್ವದ ಎನ್-400 ಎರಡೂ ಎಂದಾದರೂ ಬಂಧನವಾಗಿದೆಯೇ ಎಂದು ಕೇಳುವ ಪ್ರಶ್ನೆಯಲ್ಲೇ ಇಂಥ ಚೀಟಿಯನ್ನೂ ಸೇರಿಸಿ ಕೇಳುತ್ತವೆ. ಮೊದಲು ಇಮಿಗ್ರೇಶನ್ ವಕೀಲರಿಗೆ ತೋರಿಸಿ, ನಕಲು ಇಟ್ಟುಕೊಳ್ಳಿ, ಕೊನೆಯ ದಿನಾಂಕದೊಳಗೆ ಉತ್ತರ ಕೊಡಿ.