ಐದು ಬಾಗಿಲು ಕಾದೆವು

ನಾವು ಮಗಳಿಗಾಗಿ ಕಾದದ್ದು ಐದು ಬಾಗಿಲು. ಇದು ನಮ್ಮತ್ತೆಯ ಲೆಕ್ಕ. ನಾವಿರುವುದು ಅಮೆರಿಕದ ಓಹಿಯೋದಲ್ಲಿ. 2018ರ ಮಾರ್ಚ್‌ನಲ್ಲಿ ದತ್ತು ಮಗುವಿಗಾಗಿ ಕಾರಾದಲ್ಲಿ, ಅಂದರೆ ಭಾರತದ ದತ್ತು ವ್ಯವಹಾರ ನೋಡಿಕೊಳ್ಳುವ ಕೇಂದ್ರ ಸಂಸ್ಥೆಯಲ್ಲಿ, ಹೆಸರು ನೋಂದಾಯಿಸಿದೆವು. 2022ರ ಡಿಸೆಂಬರ್‌ನಲ್ಲಿ ಮಗಳು ಹಾಸನದ ಮನೆಯ ಹೊಸ್ತಿಲು ದಾಟಿದಳು. ಅಷ್ಟರಲ್ಲಿ, ವರ್ಷಕ್ಕೊಮ್ಮೆ ಮಾತ್ರ ಬಾಗಿಲು ತೆರೆಯುವ ಹಾಸನಾಂಬೆಯ ಗುಡಿ ಐದು ಸಲ ತೆರೆದು ಐದು ಸಲ ಮುಚ್ಚಿತ್ತು.

ನಾವು ಕಾದ ರೀತಿಯನ್ನು ನೋಡಿ ತುಂಬಾ ಜನ ತಲೆ ಆಡಿಸಿದ್ದರು. ಓಹಿಯೋದ ಗೆಳತಿಯರು ಮೂಢನಂಬಿಕೆ ಅಂದರು. ಹಾಸನದ ನೆಂಟರು ಹುಚ್ಚು ಅಂದರು. ಈಗ ಮಗಳು ಪಕ್ಕದ ಕೋಣೆಯಲ್ಲಿ ಮಲಗಿದ್ದಾಳೆ, ನಾವು ರಜೆಗೆ ಹಾಸನಕ್ಕೆ ಬಂದಿದ್ದೇವೆ. ಇನ್ನೂ ಸಾಲಿನಲ್ಲಿ ನಿಂತಿರುವವರಿಗೆ ಹೇಳಿಬಿಡೋಣ ಅನ್ನಿಸಿತು. ಹೋಮ್ ಸ್ಟಡಿ (ನಮ್ಮ ಮನೆ, ಬದುಕು ನೋಡಿ ಸಮಾಜ ಕಾರ್ಯಕರ್ತರು ಬರೆಯುವ ವರದಿ), ಐ-800ಎ (ದತ್ತಿಗೆ ಅಮೆರಿಕ ಸರ್ಕಾರದ ಒಪ್ಪಿಗೆ ಕೇಳುವ ಅರ್ಜಿ), ಸೀನಿಯಾರಿಟಿ ನಂಬರ್ (ಕಾರಾದ ಸಾಲಿನಲ್ಲಿ ನಮ್ಮ ಸ್ಥಾನ), ಇವನ್ನು ಇದಕ್ಕಿಂತ ಹೆಚ್ಚು ವಿವರಿಸಲು ಹೋಗುವುದಿಲ್ಲ. ಸಾಲಿನಲ್ಲಿರುವವರಿಗೆ ಅದೆಲ್ಲ ಬಾಯಿಪಾಠ.

ಮೊದಲ ಎರಡು ವರ್ಷ ನಾವು ಮಾಡಿದ್ದೆಲ್ಲ ತಪ್ಪೇ. ನಾನು ದಿನಕ್ಕೆ ಇಪ್ಪತ್ತು ಸಲ ಕಾರಾದ ಪೋರ್ಟಲ್ ತೆಗೆದು ನಂಬರ್ ನೋಡುತ್ತಿದ್ದೆ. ನಂಬರ್ ಇಳಿದರೆ ಪಾಯಸ, ನಿಂತರೆ ಅಳು. ಹೆಸರು ಬರೆಸಿದ ತಿಂಗಳಲ್ಲೇ 400 ಡಾಲರ್ ಕೊಟ್ಟು ತೊಟ್ಟಿಲ ಮಂಚ ತಂದೆ. ಗೋಡೆಗೆ ತಿಳಿಹಳದಿ ಬಣ್ಣ ಹೊಡೆಸಿದೆ. ಆಮೇಲೆ ಆ ಕೋಣೆಗೆ ಹೋಗುವುದೇ ಕಷ್ಟವಾಯಿತು. ಒಂದು ವರ್ಷ ಬಾಗಿಲು ಹಾಕಿಯೇ ಇತ್ತು. ಕೊನೆಗೆ ಮಂಚವನ್ನು 90 ಡಾಲರಿಗೆ ಮಾರಿ, ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟೆ. ದಯವಿಟ್ಟು ಕೋಣೆಯನ್ನು ಖಾಲಿ ಇಡಬೇಡಿ. ಅಲ್ಲಿ ಏನಾದರೂ ಕೆಲಸ ನಡೆಯುತ್ತಿರಲಿ.

2019ರಲ್ಲಿ ಹಾಸನಕ್ಕೆ ಬಂದಾಗ ಇನ್ನೊಂದು ತಪ್ಪಿನ ಅಂಚಿಗೆ ಹೋಗಿದ್ದೆವು. ದೂರದ ನೆಂಟರೊಬ್ಬರು ಸಂಜೆ ಮನೆಗೆ ಬಂದರು. "ನನಗೆ ಗೊತ್ತಿರೋ ನರ್ಸಿಂಗ್ ಹೋಮ್ ಇದೆ. ನಾಲ್ಕು ಲಕ್ಷ ಆಗತ್ತೆ. ಮುಂದಿನ ತಿಂಗಳು ಕೂಸು ನಿಮ್ಮ ಕೈಯಲ್ಲಿ" ಅಂದರು. ನಾನು ಬೇಡ ಅನ್ನಲಿಲ್ಲ. ಮನಸ್ಸಿನಲ್ಲೇ ಡಾಲರ್ ಲೆಕ್ಕ ಹಾಕುತ್ತಿದ್ದೆ. ನಮ್ಮತ್ತೆ ಬತ್ತಿ ಹೊಸೆಯುತ್ತಾ ಕೂತಿದ್ದರು. ತಲೆ ಎತ್ತದೆ ಅಂದರು: "ಕದ್ದ ಕೂಸಿಗೆ ನಾನು ಆರತಿ ಎತ್ತಲ್ಲ." ಅಲ್ಲಿಗೆ ಮಾತು ಮುಗಿಯಿತು. ಆಮೇಲೆ ಕಾನೂನು ಓದಿದೆ. 2015ರ ಬಾಲನ್ಯಾಯ ಕಾಯ್ದೆಯ 80ನೇ ಕಲಂ ಪ್ರಕಾರ ಅಡ್ಡದಾರಿಯಲ್ಲಿ ಮಗು ಕೊಡುವುದೂ ಪಡೆಯುವುದೂ ಅಪರಾಧ. 3 ವರ್ಷದವರೆಗೆ ಜೈಲು ಅಥವಾ 1 ಲಕ್ಷ ದಂಡ ಅಥವಾ ಎರಡೂ. ಮಾರಾಟ ಅಂತಾದರೆ 81ನೇ ಕಲಂ, 5 ವರ್ಷದವರೆಗೆ. ಹಾಗೆ ತಂದ ಮಗುವಿಗೆ ಕಾರಾದ ಪ್ರಮಾಣಪತ್ರವೂ ಇಲ್ಲ, ವೀಸಾವೂ ಇಲ್ಲ. ಆದರೆ ನನ್ನನ್ನು ತಡೆದದ್ದು ಕಾಯ್ದೆಯಲ್ಲ, ಆ ಒಂದು ಮಾತು. ಆ ಕೂಸಿನ ಹೆತ್ತವಳು ಯಾರು, ಯಾಕೆ ಕೊಡುತ್ತಿದ್ದಾಳೆ ಅಂತ ನಾನು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ.

2020ರಲ್ಲಿ ನಿಜವಾದ ಪೆಟ್ಟು ಬಿತ್ತು. ಅಮೆರಿಕದ ಕಡೆಯ ಒಪ್ಪಿಗೆಗೆ 15 ತಿಂಗಳ ಆಯುಸ್ಸು, ಬೆರಳಚ್ಚಿಗೂ ಅಷ್ಟೇ. ಕೊರೊನಾ ಗಲಾಟೆಯಲ್ಲಿ ದಿನ ಮರೆತೆವು. ಒಪ್ಪಿಗೆ ಸತ್ತೇಹೋಯಿತು. ಮತ್ತೆ ಅರ್ಜಿಗೆ 775, ಬೆರಳಚ್ಚಿಗೆ ತಲಾ 85, ಹೋಮ್ ಸ್ಟಡಿ ಹೊಸದಾಗಿ ಬರೆಸಲು ಇನ್ನೊಂದಿಷ್ಟು. ಎಲ್ಲ ಸೇರಿ 2,000 ಡಾಲರ್ ಹತ್ತಿರ ನೀರಿಗೆ ಹೋಯಿತು. ದುಡ್ಡಿಗಿಂತ ಜಾಸ್ತಿ ನೋವು ಕೊಟ್ಟದ್ದು ಆ ಐದಾರು ತಿಂಗಳು. ಆ ಸಮಯದಲ್ಲಿ ಯಾವುದಾದರೂ ಮಗು ನಮ್ಮ ಸರದಿಗೆ ಬಂದಿದ್ದರೂ ಕರೆದುಕೊಳ್ಳುವ ಹಾಗಿರಲಿಲ್ಲ.

ಅವತ್ತು ಫೋನಿನಲ್ಲಿ ಅತ್ತೆಯ ಹತ್ತಿರ ಅತ್ತುಬಿಟ್ಟೆ. ಅವರು ಸಮಾಧಾನ ಹೇಳಲಿಲ್ಲ, ಒಂದು ಒಪ್ಪಂದ ಹೇಳಿದರು. "ನಾನು ತಿಂಗಳಿಗೊಂದು ಸಂಕಷ್ಟಿ ಹಿಡೀತೀನಿ. ಚಂದ್ರ ನೋಡೋವರೆಗೂ ಒಂದಗುಳು ಮುಟ್ಟಲ್ಲ. ನೀನು ಅವತ್ತು ಕಾಗದ ನೋಡು. ಬೇರೆ ದಿನ ಆ ಪೋರ್ಟಲ್ಲೋ ಗೀರ್ಟಲ್ಲೋ ಮುಟ್ಟಬೇಡ."

ನಮ್ಮ ವಿಧಾನ ಅಂದರೆ ಇಷ್ಟೇ. ಪೋರ್ಟಲ್ ಸಂಕಷ್ಟಿಯ ದಿನ ಮಾತ್ರ. ವರ್ಷಗಳ ಲೆಕ್ಕ ಹಾಸನಾಂಬೆಯ ಬಾಗಿಲಿಗೆ ಬಿಟ್ಟದ್ದು. ಹಾಸನದಲ್ಲಿ ರಾತ್ರಿ 9ರ ಸುಮಾರಿಗೆ ಚಂದ್ರ ಕಂಡರೆ ಓಹಿಯೋದಲ್ಲಿ ಬೆಳಗ್ಗೆ ಹನ್ನೊಂದೂವರೆ, ಚಳಿಗಾಲದಲ್ಲಿ ಹತ್ತೂವರೆ. ಅತ್ತೆ ಮಹಡಿ ಮೇಲೆ ನಿಂತು ವಿಡಿಯೋ ಕರೆ ಮಾಡುತ್ತಿದ್ದರು. ಮೊದಲು ಚಂದ್ರನನ್ನು ತೋರಿಸುವುದು. ಆಮೇಲೆ ಒಂದೇ ಪ್ರಶ್ನೆ: "ಏನೇನು ತೀರಿಹೋಗ್ತಿದೆ?" ನಾನು ಕಡತ ತೆಗೆದು ಓದಬೇಕು. ಬೆರಳಚ್ಚು ಇಂಥ ತಿಂಗಳು. ಪೊಲೀಸ್ ಪ್ರಮಾಣಪತ್ರ ಇಂಥ ತಿಂಗಳು. ನಮ್ಮ ಆರೋಗ್ಯ ತಪಾಸಣೆ, ಗಂಡನ ಪಾಸ್‌ಪೋರ್ಟ್. ಅದು ಮುಗಿದ ಮೇಲೇ ಅವರು ಊಟಕ್ಕೆ ಕೂರುತ್ತಿದ್ದರು.

ಗಂಡನ ಗೆಳೆಯರೊಬ್ಬರು, "ಇದಕ್ಕೆಲ್ಲ ಉಪವಾಸ ಯಾಕೆ, ಫೋನಿನಲ್ಲಿ ರಿಮೈಂಡರ್ ಇಟ್ಟರೆ ಆಯಿತಲ್ಲ" ಅಂದರು. ಇಟ್ಟಿದ್ದೆವು ಸ್ವಾಮಿ. ಅದನ್ನು ಒರೆಸಿ ಹಾಕಿಯೇ 2020 ಕೆಟ್ಟದ್ದು. ಹಸಿದು ಕೂತ ಅತ್ತೆಗೆ "ನಾಳೆ ನೋಡ್ತೀನಿ" ಅನ್ನಲು ಬಾಯಿ ಬರುವುದಿಲ್ಲ. ಸುಮಾರು 30 ಸಂಕಷ್ಟಿ ಹೀಗೆ ನಡೆಯಿತು. ಆಮೇಲೆ ನಮ್ಮ ಒಂದು ಕಾಗದವೂ ಅವಧಿ ಮೀರಲಿಲ್ಲ. ನಮ್ಮ ಕಡತ ನೋಡಿದ ಸಮಾಜ ಕಾರ್ಯಕರ್ತೆ, ಇಷ್ಟು ಅಚ್ಚುಕಟ್ಟಾದ ಫೈಲ್ ತಾನು ನೋಡೇ ಇಲ್ಲ ಅಂದರು. ಹೋಮ್ ಸ್ಟಡಿಯಲ್ಲಿ 'ಯಾಕೆ ದತ್ತು' ಎಂಬ ಪ್ರಶ್ನೆಗೆ ನಾವು ಬರೆದ ಪತ್ರವನ್ನು ಬೇರೆಯವರಿಗೂ ಮಾದರಿಯಾಗಿ ಕೊಡಬಹುದಾ ಅಂತ ಕೇಳಿದರು. ಇಲ್ಲ ಅಂದೆ. ಇಲ್ಲೂ ಅದನ್ನು ಬರೆಯುವುದಿಲ್ಲ. ಅದು ಮಗಳಿಗೆ ಮೀಸಲು.

ನಂಬಿಕೆಯ ವಿಷಯ. ಹಾಸನಾಂಬೆಯ ಬಾಗಿಲು ಮುಚ್ಚುವ ದಿನ ಒಳಗೆ ದೀಪ ಹಚ್ಚಿ, ಹೂವು, ಅಕ್ಕಿಯ ನೈವೇದ್ಯ ಇಟ್ಟು ಬರುತ್ತಾರೆ. ಮುಂದಿನ ವರ್ಷ ತೆಗೆದಾಗ ದೀಪ ಉರಿಯುತ್ತಿರುತ್ತದೆ, ಹೂವು ಬಾಡಿರುವುದಿಲ್ಲ ಅಂತ ನಮ್ಮ ಊರಿನ ನಂಬಿಕೆ. ಚಿಕ್ಕಂದಿನಿಂದ ಕೇಳಿದ ಮಾತು, ಅರ್ಥವಾದದ್ದು ಮಾತ್ರ ಈ ಕಾಯುವಿಕೆಯಲ್ಲಿ. ನನ್ನ ಮಗಳು ಎಲ್ಲೋ ಇದ್ದಾಳೆ, ಆ ಬಾಗಿಲು ಮುಚ್ಚಿದೆ, ನನಗೆ ಕಾಣುವುದಿಲ್ಲ. ಆದರೆ ಒಳಗೆ ದೀಪ ಇದೆ. ರಾತ್ರಿ ನಿದ್ದೆ ಬಾರದಿದ್ದಾಗ ಇದನ್ನೇ ಹೇಳಿಕೊಳ್ಳುತ್ತಿದ್ದೆ. ಅತ್ತೆ ಇನ್ನೊಂದು ಮಾತು ಸೇರಿಸುತ್ತಿದ್ದರು. ಸಪ್ತಮಾತೃಕೆಯರಲ್ಲಿ ಮೂವರು ಹಾಸನಾಂಬೆಯ ಗುಡಿಯಲ್ಲಿ, ಮೂವರು ದೇವಿಗೆರೆಯಲ್ಲಿ, ಒಬ್ಬಳು ಕೆಂಚಮ್ಮನ ಹೊಸಕೋಟೆಯಲ್ಲಿ ನೆಲೆಸಿದ್ದಾರೆ ಅನ್ನುತ್ತಾರಲ್ಲ. "ಏಳು ಜನ ತಾಯಂದಿರು ಕಾಯ್ತಿದ್ದಾರೆ ಅವಳನ್ನ. ನೀನು ಎಂಟನೆಯವಳು, ಅವಸರ ಮಾಡಬೇಡ." ಅತ್ತೆ ಏನೋ ಹರಕೆಯನ್ನೂ ಕಟ್ಟಿಕೊಂಡಿದ್ದರು. ಏನು ಅಂತ ಇವತ್ತಿಗೂ ಹೇಳಿಲ್ಲ, ನಾನೂ ಕೇಳಿಲ್ಲ.

ನಡುವೆ ಒಂದು ಆಲೂಗಡ್ಡೆ ಪ್ರಯೋಗವೂ ನಡೆಯಿತು. ಮೊಮ್ಮಗುವಿನ ವಿಮಾನದ ಚಾರ್ಜು ತಾನೇ ದುಡಿದು ಕೊಡಬೇಕು ಅಂತ ಅತ್ತೆಗೆ ಆಸೆ. 2021ರ ಮುಂಗಾರಿಗೆ ಊರ ಹೊರಗಿನ ಅರ್ಧ ಎಕರೆಗೆ ಆಲೂ ಹಾಕಿಸಿದರು. ಜಲಂಧರ್ ಬೀಜ, ಆರು ಮೂಟೆ. ಬೀಜ, ಗೊಬ್ಬರ, ಆಳು ಸೇರಿ 25 ಸಾವಿರದ ಮೇಲೆ ಹೋಯಿತು. ಜುಲೈ ಮಳೆ ಬಿಡಲಿಲ್ಲ. ಎಲೆಯ ಅಂಚು ಕಪ್ಪಾಯಿತು, ಅಂಗಮಾರಿ ಹತ್ತೇ ದಿನದಲ್ಲಿ ಇಡೀ ತಾಕನ್ನು ತಿಂದಿತು. ಕೈಗೆ ಬಂದದ್ದು 11 ಸಾವಿರ ಇರಬೇಕು. ಅದನ್ನು ಸ್ಟೀಲ್ ಡಬ್ಬಿಗೆ ಹಾಕಿ ಮೇಲೆ 'ಪುಟ್ಟಿ' ಅಂತ ಚೀಟಿ ಅಂಟಿಸಿದರು. ಗಂಡೋ ಹೆಣ್ಣೋ ಆಗ ಯಾರಿಗೂ ಗೊತ್ತಿರಲಿಲ್ಲ.

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಮೊದಲ ರೆಫರಲ್, ಅಂದರೆ ನಮ್ಮ ಸರದಿಗೆ ಬಂದ ಮಗುವಿನ ಫೋಟೋ ಮತ್ತು ವಿವರ, ಬಂತು. ಇದನ್ನು ಬರೆಯುವುದು ಕಷ್ಟ. ಗಂಡು ಮಗು, 14 ತಿಂಗಳು. ಫೋಟೋದಲ್ಲಿ ಒಂದು ಕಾಲಿಗೆ ಮಾತ್ರ ಸಾಕ್ಸ್ ಇತ್ತು. ಆರೋಗ್ಯ ವರದಿಯಲ್ಲಿ ಹೃದಯದಲ್ಲಿ ಸಣ್ಣ ರಂಧ್ರ ಅಂತ ಬರೆದಿತ್ತು. ಒಪ್ಪಿಗೆ ಹೇಳಲು ನಮಗೆ ಇದ್ದದ್ದು 96 ಗಂಟೆ. ಮಕ್ಕಳ ಹೃದಯ ತಜ್ಞರ ಸಮಯ ಸಿಕ್ಕಿದ್ದು ಒಂಬತ್ತು ದಿನಕ್ಕೆ. ಇಂಟರ್‌ನೆಟ್ ಓದಿ ಓದಿ ಹೆದರಿದೆವು. ಗಂಡ ಬೇಕು ಅಂದಾಗ ನನಗೆ ಭಯ, ನಾನು ಬೇಕು ಅಂದಾಗ ಅವರಿಗೆ. ಗಂಟೆ ಮುಗಿದುಹೋಯಿತು. ಆಮೇಲೆ ಡಾಕ್ಟರ್ ವರದಿ ನೋಡಿ, ಇಂಥ ಸಣ್ಣ ರಂಧ್ರಗಳು ಎಷ್ಟೋ ಸಲ ತಾನಾಗಿ ಮುಚ್ಚಿಕೊಳ್ಳುತ್ತವೆ ಅಂದರು. ಆ ಮಗು ಒಳ್ಳೆಯ ಮನೆ ಸೇರಿರಲಿ ಅಂತ ಅತ್ತೆ ಇವತ್ತಿಗೂ ಹಾಸನಾಂಬೆಯ ಮುಂದೆ ಒಂದು ದೀಪ ಜಾಸ್ತಿ ಹಚ್ಚುತ್ತಾರೆ.

ಆ ಪೆಟ್ಟಿನಿಂದ ಸಂಕಷ್ಟಿಯ ಪಟ್ಟಿಗೆ ಎರಡು ಹೊಸ ಸಾಲು ಬಂದವು. ಒಂದು, ಮಕ್ಕಳ ಡಾಕ್ಟರನ್ನು ಮೊದಲೇ ಗೊತ್ತು ಮಾಡಿ, ದುಡ್ಡು ಕಟ್ಟಿ, 24 ಗಂಟೆಯಲ್ಲಿ ವರದಿ ಓದಿಕೊಡುವ ಒಪ್ಪಿಗೆ ಪಡೆದೆವು. ಎರಡು, ನಮಗೆ ಏನು ಸಾಧ್ಯ, ಏನು ಸಾಧ್ಯವಿಲ್ಲ ಅಂತ ಗಂಡ ಹೆಂಡತಿ ಕೂತು ಮೊದಲೇ ಬರೆದಿಟ್ಟೆವು. ಹೋಮ್ ಸ್ಟಡಿ ಹೊಸದು ಮಾಡಿಸುವಾಗ ಮಗುವಿನ ವಯಸ್ಸನ್ನು 2ರಿಂದ 4ಕ್ಕೆ ಏರಿಸಿದೆವು. ಇದಕ್ಕೆ ಮೂರು ವಾರ ಜಗಳ ಆಗಿದೆ ಮನೆಯಲ್ಲಿ. ಈಗ ನೋಡಿದರೆ ಅದೇ ಒಳ್ಳೆಯ ನಿರ್ಧಾರ.

ವಯಸ್ಸು ಏರಿಸಿದ ಮೇಲೆ ಭಾಷೆಯ ಚಿಂತೆ ಶುರುವಾಯಿತು. ಮೂರು ವರ್ಷದ ಮಗು ಯಾವ ರಾಜ್ಯದಿಂದ ಬರುತ್ತದೋ, ಏನು ಮಾತಾಡುತ್ತದೋ? ಅತ್ತೆ ಹಳೆಯ ಕ್ಯಾಲೆಂಡರ್ ಹಾಳೆಗಳ ಹಿಂದೆ ಗೆರೆ ಎಳೆದು ಪುಸ್ತಕ ಹೊಲಿದರು. ನೀರು, ಅನ್ನ, ನಿದ್ದೆ, ನೋವು, ಅಮ್ಮ. ಈ ಐದು ಮಾತು ಆರು ಭಾಷೆಯಲ್ಲಿ. ತೆಲುಗಿನಲ್ಲಿ ನೀಳ್ಳು, ಬಂಗಾಳಿಯಲ್ಲಿ ಜೋಲ್, ಮರಾಠಿಯಲ್ಲಿ ಪಾಣೀ, ಒಡಿಯಾದಲ್ಲಿ ಪಾಣಿ. ಅನ್ನಕ್ಕೆ ಭಾತ, ನಿದ್ದೆಗೆ ನಿದ. ಎದುರು ಮನೆಯ ಮೇಷ್ಟ್ರು ನಕ್ಕರಂತೆ. 68 ವರ್ಷದ ಹೆಂಗಸು ದೇವರ ಕೋಣೆಯಲ್ಲಿ ಕೂತು "ಪಾಣಿ, ಭಾತ, ನಿದ" ಅಂತ ಮಗ್ಗಿ ಹೇಳಿದ ಹಾಗೆ ಹೇಳುತ್ತಿದ್ದರು.

2022ರ ಮೇ ತಿಂಗಳಲ್ಲಿ ಎರಡನೇ ರೆಫರಲ್ ಬಂತು. ಒಡಿಶಾದ ಹೆಣ್ಣು ಮಗು, ಎರಡು ವರ್ಷ ನಾಲ್ಕು ತಿಂಗಳು. ಡಾಕ್ಟರ್ ಅದೇ ದಿನ ಓದಿದರು. ಬರೆದಿಟ್ಟ ಹಾಳೆ ತೆಗೆದು ನೋಡಿದೆವು. 30 ಗಂಟೆಯೊಳಗೆ ಒಪ್ಪಿಗೆ ಹೋಯಿತು. ಎಲ್ಲ ಕಾಗದಕ್ಕೂ ಜೀವ ಇತ್ತು, ಒಂದನ್ನೂ ತಿರುಗಿ ಮಾಡಿಸಬೇಕಾಗಲಿಲ್ಲ. ನಮ್ಮ ಜೊತೆ ಸಾಲಿನಲ್ಲಿದ್ದ ಇನ್ನೊಂದು ಜೋಡಿಗೆ ಅದೇ ಹಂತದಲ್ಲಿ ಬೆರಳಚ್ಚು ತೀರಿಹೋಗಿ ಎರಡು ತಿಂಗಳು ನಿಂತಿತು. ಆಗ ನಮ್ಮ ಸಂಕಷ್ಟಿಯ ಬೆಲೆ ಎಲ್ಲರಿಗೂ ಗೊತ್ತಾಯಿತು.

ಆ ಅಕ್ಟೋಬರಿನಲ್ಲಿ ಐದನೇ ಬಾಗಿಲು ತೆರೆಯಿತು. ಅತ್ತೆ ಸರದಿಯಲ್ಲಿ ನಾಲ್ಕು ಗಂಟೆ ನಿಂತು ಬಂದರು. ಕಾರಾದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಕೈಗೆ ಬಂದದ್ದು ಅದರ ಮುಂದಿನ ತಿಂಗಳು. ಎನ್‌ಒಸಿ ಸಿಕ್ಕ ಮೇಲೆ, ದತ್ತು ಆದೇಶ ಬರುವ ತನಕ ಮಗುವನ್ನು ದೇಶದೊಳಗೆ ನಮ್ಮ ಜೊತೆ ಇಟ್ಟುಕೊಳ್ಳಬಹುದು. ಎಷ್ಟೋ ಜನ ಹೋಟೆಲಿನಲ್ಲಿ ಇರುತ್ತಾರೆ. ನಾವು ನೇರ ಹಾಸನಕ್ಕೆ ಕರೆತಂದೆವು. ಭುವನೇಶ್ವರದಿಂದ ಬೆಂಗಳೂರಿಗೆ ವಿಮಾನ, ಅಲ್ಲಿಂದ ಕಾರು. ಕುಣಿಗಲ್ ದಾಟುವವರೆಗೂ ಮಗು ಒಂದು ಮಾತೂ ಆಡಲಿಲ್ಲ. ಕೈಯಲ್ಲಿ ಒಂದು ಬಾಟಲಿಯ ನೀಲಿ ಮುಚ್ಚಳ ಬಿಗಿಯಾಗಿ ಹಿಡಿದುಕೊಂಡಿದ್ದಳು. ಚನ್ನರಾಯಪಟ್ಟಣದ ಹತ್ತಿರ ನಿದ್ದೆ ಹೋದಳು. ಮುಚ್ಚಳ ಬಿಡಲಿಲ್ಲ.

ಅವತ್ತು ರಾತ್ರಿ ಎರಡು ಗಂಟೆಗೆ ಎದ್ದು ಅಳಲು ಶುರು ಮಾಡಿದಳು. ನಾನು ಎತ್ತಿಕೊಂಡೆ, ದೂಡಿದಳು. ಇವರು ಗೊಂಬೆ ತೋರಿಸಿದರು, ಬಿಸಾಡಿದಳು. ಏನೋ ಹೇಳುತ್ತಿದ್ದಾಳೆ, ಅಳುವಿನಲ್ಲಿ ಕೇಳಿಸುವುದಿಲ್ಲ. ಚಾಪೆಯ ಮೇಲೆ ಮಲಗಿದ್ದ ಅತ್ತೆ ಎದ್ದು ಕೂತು, "ಪಾಣಿ?" ಅಂದರು. ಮಗು ತಟ್ಟನೆ ಅಳು ನಿಲ್ಲಿಸಿ ಅವರನ್ನೇ ನೋಡಿದಳು. "ಪಾಣಿ" ಅಂದಳು. ಸಣ್ಣ ಲೋಟದಲ್ಲಿ ನೀರು ಕುಡಿದು, ಅತ್ತೆಯ ಸೆರಗಿನಲ್ಲಿ ಬಾಯಿ ಒರೆಸಿಕೊಂಡು, ಅಲ್ಲೇ ಚಾಪೆಯ ಮೇಲೆ ಮಲಗಿದಳು. ಆ ನೀಲಿ ಮುಚ್ಚಳ ಬೆಳಗ್ಗೆ ಅತ್ತೆಯ ಕೈಯಲ್ಲಿತ್ತು.

ಉಳಿದದ್ದು ಬೇಗ ಹೇಳುತ್ತೇನೆ. 2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶ ಕೋರ್ಟಿನ ಬದಲು ಜಿಲ್ಲಾಧಿಕಾರಿ ಕೊಡುತ್ತಾರೆ. ನಮ್ಮದು ಹೊಸ ಪದ್ಧತಿಯ ಶುರುವಿನ ಕಡತ. ಎರಡೂವರೆ ತಿಂಗಳು ಹಿಡಿಯಿತು. ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್, ಕಾರಾದ ಕೊನೆಯ ಪ್ರಮಾಣಪತ್ರ, ವೀಸಾ. ಇವರು ಕೆಲಸಕ್ಕೆ ವಾಪಸ್ ಹೋದರು. ನಾನು, ಅತ್ತೆ, ಮಗಳು ಹಾಸನದಲ್ಲೇ ನಾಲ್ಕು ತಿಂಗಳು ಇದ್ದೆವು. 2023ರ ಏಪ್ರಿಲ್‌ನಲ್ಲಿ ಹೊರಟೆವು. ಪಾಸ್‌ಪೋರ್ಟ್ ಹಂತದಲ್ಲಿ ಮೂರು ವಾರ ಉಳಿಸಿದ ಒಂದು ಉಪಾಯ ನನ್ನ ಹತ್ತಿರ ಇದೆ. ಅದು ನಮ್ಮ ಕಡತಕ್ಕೆ ಹೊಂದಿದ್ದು, ನಿಮ್ಮದಕ್ಕೆ ಕೆಡಬಹುದು. ಹಾಗಾಗಿ ಬರೆಯುವುದಿಲ್ಲ.

ಖರ್ಚು ಎಲ್ಲರೂ ಕೇಳುತ್ತಾರೆ. ಮಗುವಿದ್ದ ಸಂಸ್ಥೆಗೆ ಕಾರಾ ನಿಗದಿ ಮಾಡಿದ್ದು 5,000 ಡಾಲರ್. ಅಮೆರಿಕದ ಏಜೆನ್ಸಿ, ಹೋಮ್ ಸ್ಟಡಿ, ಅರ್ಜಿಗಳು, ಓಡಾಟ ಎಲ್ಲ ಸೇರಿ ನೆನಪಿನ ಮೇಲೆ 30 ಸಾವಿರ ಡಾಲರ್ ಆಸುಪಾಸು. ನಮ್ಮ ತಪ್ಪಿಗೇ 2 ಸಾವಿರದ ಹತ್ತಿರ. ಅಮೆರಿಕದ ದತ್ತು ತೆರಿಗೆ ರಿಯಾಯಿತಿಯಲ್ಲಿ 2023ರಲ್ಲಿ 16 ಸಾವಿರ ಡಾಲರ್ ಹತ್ತಿರದವರೆಗೆ ಸಿಗುತ್ತಿತ್ತು. ಒಂದೇ ವರ್ಷದಲ್ಲಿ ಮುಗಿಯದಿದ್ದರೆ ಮುಂದಿನ ವರ್ಷಗಳಿಗೆ ಒಯ್ಯಬಹುದು. ರಸೀದಿಗಳನ್ನು ಎಸೆಯಬೇಡಿ. ಡಬ್ಬಿಯ 11 ಸಾವಿರವನ್ನೂ ಅತ್ತೆ ಟಿಕೆಟ್ಟಿಗೆ ಕೊಟ್ಟೇ ಕೊಟ್ಟರು.

ದತ್ತಿನ ನಂತರ ಮಗು ಹೇಗಿದ್ದಾಳೆ ಅಂತ ಕಳಿಸಬೇಕಾದ ಎರಡು ವರ್ಷದ ಆರು ವರದಿಗಳೂ ಹೋಗಿ ಆಯಿತು. ಅತ್ತೆ ಸಂಕಷ್ಟಿ ಬಿಟ್ಟಿಲ್ಲ. ಈಗ ಚಂದ್ರ ಕಂಡ ಮೇಲೆ ಕರೆ ಮಾಡಿದರೆ ಕಾಗದದ ವಿಚಾರ ಇಲ್ಲ, ಮಗಳೇ ಫೋನ್ ಕಿತ್ತುಕೊಳ್ಳುತ್ತಾಳೆ. ಕನ್ನಡ ಚೆನ್ನಾಗಿ ಬರುತ್ತದೆ, ಹಾಸನದ ರಾಗ ಸಮೇತ. ನೀರಿಗೆ ಮಾತ್ರ ಇನ್ನೂ ಪಾಣಿ ಅನ್ನುತ್ತಾಳೆ. ಮನೆಯಲ್ಲಿ ನಾವೂ ಹಾಗೇ ಅನ್ನುತ್ತೇವೆ.